‘ಬಾವಿಯಂ ಸವೆಸು’: ಇಲ್ಲಿ ಸವೆಸು ಎಂದರೆ ಏನು?

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕಳೆದ ತಿಂಗಳು ಬಾದಾಮಿಗೆ ಹೋದವನು ಕಾಡಿನೊಳಗಿರುವ ನಾಗನಾಥಕೊಳ್ಳದ ಗುಡಿಯನ್ನು ನೋಡಿಕೊಂಡು ಮಹಾಕೂಟಕ್ಕೆ ಬಂದೆ. ಅಲ್ಲಿ ಕಿವಿಗೆ ಬಿದ್ದ ಒಂದು ಮಾತು, ಬಹಳ ದಿನಗಳಿಂದ ಬಾಯಿಪಾಠವಾಗಿದ್ದ ಒಂದು ಸಾಲಿನ ಮೇಲೆ ನನಗಿದ್ದ ಭರವಸೆಯನ್ನು ಅಲುಗಿಸಿತು. ಬಲ್ಲವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಮಹಾಕೂಟವನ್ನು ನೋಡದವರಿಗಾಗಿ ಎರಡು ಮಾತು. ಸುತ್ತಲೂ ಗುಡ್ಡ ಮತ್ತು ಗಿಡಮರಗಳಿದ್ದು, ನಡುವೆ ಬಾದಾಮಿ ಚಾಲುಕ್ಯರ ಕಾಲದ ಗುಡಿಗಳ ಗುಂಪಿದೆ. ಆ ಗುಡಿಗಳ ಮಧ್ಯೆ, ಗುಡ್ಡದ ಒರತೆಯ ನೀರು ಬಂದು ತುಂಬುವ ವಿಷ್ಣು ಪುಷ್ಕರಣಿ ಇದೆ. ನೀರಿನ ನಡುವಿನ ಪುಟ್ಟ ಮಂಟಪದಲ್ಲಿ ನಾಲ್ಕು ಮುಖದ ಲಿಂಗವಿದೆ. ನಾನು ಹೋದಾಗ ಮೆಟ್ಟಿಲುಗಳ ಮೇಲೆ ಜನ ಮಿಂದೆದ್ದು ಬಟ್ಟೆ ಹಿಂಡುತ್ತಿದ್ದರು. ನೀರಿನಂಚಿನ ಕಲ್ಲಿನ ಮೇಲೆ ನಾನು ಕಾಲಿಡುವಷ್ಟರಲ್ಲಿ, ಪಕ್ಕದಲ್ಲಿ ತಂಬಿಗೆ ತೊಳೆಯುತ್ತಿದ್ದ ಒಬ್ಬ ಅಜ್ಜಿ, “ಯಪ್ಪಾ, ಪಾವಟಿಗಿ ಸವದಾವ, ನೋಡ್ಕೊಂತ ಇಳಿ” ಎಂದರು. ಬಗ್ಗಿ ನೋಡಿದೆ. ಕಲ್ಲಿನ ಅಂಚು ದುಂಡಗಾಗಿತ್ತು. ಕಾಲಿಡುವ ಜಾಗದಲ್ಲಿ ಅಂಗೈ ಕುಳಿಯಷ್ಟು ತಗ್ಗಾಗಿ, ಅದರಲ್ಲಿ ನೀರು ನಿಂತಿತ್ತು.

‘ಸವೆ’ ಎಂಬ ಮಾತನ್ನು ನಾವೆಲ್ಲ ಬಳಸುವುದು ಈ ಅರ್ಥದಲ್ಲಿಯೇ: ಚಪ್ಪಲಿ ಸವೆಯುತ್ತದೆ, ಹಾದಿ ಸವೆಯುತ್ತದೆ, ಆಯುಷ್ಯ ಸವೆಯುತ್ತದೆ. ಆದರೆ ಅಜ್ಜಿಯ ಮಾತು ಕೇಳಿದ ಕ್ಷಣದಲ್ಲಿ ನನಗೆ ನೆನಪಾದದ್ದು ಹಂಪಿಯ ಲಕ್ಷ್ಮೀಧರಾಮಾತ್ಯನ ಶಾಸನದ ಪದ್ಯ. ವಿಜಯನಗರ ಕಾಲದ ಆ ಪದ್ಯದಲ್ಲಿ ತಾಯಿಯು ಮಗುವಿಗೆ ಹಾಲೂಡುತ್ತಲೇ ಕಿವಿಯಲ್ಲಿ ಹೇಳುವ ಬುದ್ಧಿಮಾತು ಹೀಗೆ ತೊಡಗುತ್ತದೆ: “ಕೆರೆಯಂ ಕಟ್ಟಿಸು ಬಾವಿಯಂ ಸವೆಸು ದೇವಾಗಾರಮಂ ಮಾಡಿಸು”. ಕೆರೆಗೆ ಕಟ್ಟಿಸು, ಗುಡಿಗೆ ಮಾಡಿಸು, ಬಾವಿಗೆ ಮಾತ್ರ ಸವೆಸು. ಅರ್ಥ ಹೇಳುವವರು ಇದನ್ನು ‘ತೋಡಿಸು’ ಎಂದೋ ‘ನಿರ್ಮಿಸು’ ಎಂದೋ ಬಿಡಿಸುತ್ತಾರೆ, ನಾವು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇವೆ. ಒಂದೇ ಕ್ರಿಯಾಪದವು ಒಂದು ಕಡೆ ‘ಉಂಟುಮಾಡು’ ಎಂದೂ ಇನ್ನೊಂದು ಕಡೆ ‘ತೇದು ಇಲ್ಲವಾಗಿಸು’ ಎಂದೂ ಹೇಳುವುದು ಹೇಗೆ?

ಜೊತೆಗಿದ್ದ ಗೆಳೆಯರು ಕೂಡಲೇ ಒಂದು ವಿವರಣೆ ಕೊಟ್ಟರು. ಕೆರೆಗೆ ಏರಿಯನ್ನು ಕಟ್ಟಬೇಕು, ಗುಡಿಗೆ ಕಲ್ಲಿನ ಮೇಲೆ ಕಲ್ಲು ಇಡಬೇಕು. ಬಾವಿಯಾದರೋ ನೆಲವನ್ನು ಕೆರೆದು ತೆಗೆದಷ್ಟೂ ಆಗುವಂಥದ್ದು, ಆದ್ದರಿಂದಲೇ ಕವಿ ‘ಸವೆಸು’ ಎಂದಿದ್ದಾನೆ ಎಂಬುದು ಅವರ ವಾದ. ಕೇಳಲು ಬಹಳ ಸೊಗಸಾಗಿದೆ. ಆದರೂ ಇದು ನಿಲ್ಲುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಹಳಗನ್ನಡದಲ್ಲಿ ‘ಸಮೆ’ ಎಂಬ ಧಾತುವಿಗೆ ಸಿದ್ಧವಾಗು, ಅಣಿಯಾಗು, ನಿರ್ಮಾಣವಾಗು ಎಂಬ ಅರ್ಥವಿದೆ. ಅಲ್ಲಿ ತೇಯುವ, ಕೆರೆಯುವ ಮಾತೇ ಇಲ್ಲ. ತಮಿಳಿನಲ್ಲಿ ಇದರ ಒಡಹುಟ್ಟು ‘ಸಮೈ’. ಅಡುಗೆಗೆ ಅವರು ‘ಸಮೈಯಲ್’ ಎನ್ನುವುದನ್ನು ದಿನವೂ ಕೇಳುತ್ತೇವೆ. ನಡುವಿನ ಮಕಾರ ವಕಾರವಾಗುವುದು ಕನ್ನಡಕ್ಕೆ ಹೊಸದಲ್ಲ, ಅಮುಕು ಮತ್ತು ಅವುಕು ಎರಡೂ ಇಂದಿಗೂ ಬಳಕೆಯಲ್ಲಿವೆ. ಹಾಗಾಗಿ ಶಾಸನದ ‘ಸವೆಸು’ ಈ ‘ಸಮೆ’ಯ ಪ್ರೇರಣಾರ್ಥಕ ರೂಪ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ನನ್ನ ಪ್ರಶ್ನೆ ಇರುವುದು ಅದರಾಚೆಗೆ. ಅಜ್ಜಿಯ ‘ಸವೆ’ ಮತ್ತು ಶಾಸನದ ‘ಸವೆ’ ಎರಡು ಬೇರೆ ಧಾತುಗಳು ಕಾಲಾಂತರದಲ್ಲಿ ಒಂದೇ ರೂಪಕ್ಕೆ ಬಂದು ನಿಂತವೇ, ಇಲ್ಲವೇ ಮೂಲದಲ್ಲಿಯೇ ಒಂದಾಗಿದ್ದು ಅರ್ಥ ಮಾತ್ರ ಕವಲೊಡೆಯಿತೇ? ತೆಲುಗಿನ ಕಾವ್ಯಭಾಷೆಯಲ್ಲಿ ‘ಸಮಯು’ ಎಂದರೆ ಅಳಿ, ಸಾಯು. ‘ಸಮಯಿಂಚು’ ಎಂದರೆ ಕೊಲ್ಲು. ಅಂದರೆ ಮಕಾರವಿರುವ ರೂಪದಲ್ಲಿಯೇ, ನೆರೆಹೊರೆಯ ಎರಡು ಭಾಷೆಗಳಲ್ಲಿ, ಒಂದು ಕಡೆ ಅಣಿಯಾಗುವ ಅರ್ಥವೂ ಇನ್ನೊಂದು ಕಡೆ ಅಳಿಯುವ ಅರ್ಥವೂ ಕಾಣುತ್ತಿವೆ. ಇದು ಬರಿಯ ಕಾಕತಾಳೀಯವೆನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ನಮ್ಮ ದಿನದ ಮಾತಿನಲ್ಲಿಯೇ ಇಂಥ ಜೋಡಿಗಳಿವೆ. ‘ಅಡುಗೆ ಆಯಿತು’ ಎಂದರೆ ಸಿದ್ಧವಾಯಿತು. ‘ಅಕ್ಕಿ ಆಗಿಹೋಯಿತು’ ಎಂದರೆ ಡಬ್ಬಿ ಬರಿದಾಯಿತು. ‘ಕೆಲಸ ತೀರಿತು’ ಎಂದರೆ ಪೂರ್ತಿಯಾಯಿತು. ‘ದುಡ್ಡು ತೀರಿತು’ ಎಂದರೆ ಇಲ್ಲವಾಯಿತು. ‘ಅಜ್ಜ ತೀರಿಕೊಂಡರು’ ಎಂಬುದಂತೂ ಎಲ್ಲರಿಗೂ ಗೊತ್ತು. ಪೂರ್ಣಗೊಳ್ಳುವುದು ಮತ್ತು ಮುಗಿದುಹೋಗುವುದು ಒಂದೇ ಪದದಲ್ಲಿ ಕೂಡಿ ಬಾಳುವುದು ಕನ್ನಡಕ್ಕೆ ಸಹಜವಾಗಿರುವಾಗ, ‘ಸಮೆ’ಯೂ ಆ ದಾರಿಯಲ್ಲಿಯೇ ನಡೆದಿರಬಹುದು ಎಂಬುದು ನನ್ನ ಊಹೆ.

ಆ ಸಾಲಿನ ‘ಬಾವಿ’ಯ ಬಗೆಗೂ ಒಂದು ಮಾತು. ಬಾವಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ರಾಟೆ, ಹಗ್ಗ, ಕೊಡ ಇರುವ ಸೇದುವ ಬಾವಿ. ಆದರೆ ಇದರ ಮೂಲವಾದ ಸಂಸ್ಕೃತದ ವಾಪಿ, ಕೂಪಕ್ಕಿಂತ ಬೇರೆಯಾದ, ಸಾಮಾನ್ಯವಾಗಿ ಮೆಟ್ಟಿಲಿಳಿದು ನೀರು ಮುಟ್ಟುವ ಜಲಾಶಯ. ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಗೆ, ಗೋಡೆಯ ಪುಟ್ಟ ಗೂಡುಗುಡಿಗಳನ್ನು ನೋಡುತ್ತ ಇಳಿದವರಿಗೆ, ಊರವರು ಅದನ್ನು ಬರಿಯ ‘ಬಾವಿ’ ಎನ್ನುವುದು ಎಷ್ಟು ಸರಿ ಎಂದು ತಿಳಿಯುತ್ತದೆ. ವಿಜಯಪುರದ ತಾಜ್ ಬಾವಡಿಯ ‘ಬಾವಡಿ’, ಗುಜರಾತಿನ ‘ವಾವ್’ ಇವೂ ಆ ವಾಪಿಯ ಮಕ್ಕಳೇ. ಈಗ ಪತ್ರಿಕೆಗಳಲ್ಲಿ ಬರುವ ‘ಮೆಟ್ಟಿಲು ಬಾವಿ’ ಇಂದಿನ ಓದುಗರಿಗೆ ಬೇಕಾದದ್ದು ನಿಜ, ಆದರೆ ಹಳೆಯ ಬಾವಿಯಲ್ಲಿ ಮೆಟ್ಟಿಲು ಮೊದಲೇ ಇತ್ತು. ಶಾಸನದ ತಾಯಿ ಹೇಳಿದ ಬಾವಿಯೂ ಇಂಥದ್ದೇ ಆಗಿದ್ದರೆ, ತೋಡುವುದು, ಕಲ್ಲು ಕೂರಿಸುವುದು, ಪಾವಟಿಗೆ ಇಳಿಸುವುದು ಎಲ್ಲವೂ ಸೇರಿ ‘ಅಣಿಗೊಳಿಸು’ ಎಂಬ ಅರ್ಥದ ಸವೆಸು ಅಲ್ಲಿ ಇನ್ನಷ್ಟು ಹೊಂದುತ್ತದೆ.

ಮಹಾಕೂಟದಲ್ಲಿಯೇ ಇದ್ದ, ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವ ಮಂಗಳೇಶನ ಕಾಲದ (ಕ್ರಿ.ಶ. ೬೦೨) ಕಂಬದ ಶಾಸನ ಸಂಸ್ಕೃತದ್ದಾದ್ದರಿಂದ ಈ ಪದಕ್ಕೆ ಅಲ್ಲಿ ನೆರವು ಸಿಗದು. ಆದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ. ಕೆರೆ, ಬಾವಿ, ಗುಡಿಗಳನ್ನು ಕುರಿತ ಕನ್ನಡ ಶಾಸನಗಳಲ್ಲಿ ಸಮೆಯಿಸು, ಸವೆಸು ಎಂಬ ರೂಪಗಳು ಎದುರಾಗಿದ್ದರೆ, ಅವು ಯಾವ ವಸ್ತುವಿಗೆ ಸೇರಿ ಬಂದಿವೆ ಎಂಬುದರ ಸಹಿತ ದಯವಿಟ್ಟು ತಿಳಿಸಿ. ನಿಮ್ಮ ಊರಿನ ಆಡುಮಾತಿನಲ್ಲಿ, ಮುಖ್ಯವಾಗಿ ಹಿರಿಯ ಹೆಂಗಸರ ಬಾಯಲ್ಲಿ, ಅಡುಗೆಯನ್ನೋ ಮದುವೆಯ ಸಾಮಾನನ್ನೋ ಅಣಿಮಾಡುವುದಕ್ಕೆ ‘ಸಮೆ’ ಅಥವಾ ‘ಸವೆ’ ಎಂಬ ಮಾತು ಇನ್ನೂ ಉಳಿದಿದೆಯೇ? ಉಳಿದಿದ್ದರೆ, ಅವರು ಆಡಿದ ವಾಕ್ಯವನ್ನು ತಿದ್ದದೆ, ಇದ್ದಂತೆಯೇ ಬರೆದು ಕಳುಹಿಸಬೇಕೆಂದು ವಿನಂತಿ.