ಮಡಿಕೇರಿಯಲ್ಲಿ ಕೊಡವ ಊಟ: ಮಾಂಸ ಬಿಟ್ಟಿರುವ ಅತ್ತೆ, ಚಿಕ್ಕ ಮಕ್ಕಳೊಂದಿಗೆ ಹೋಗಬಹುದೇ?

ಪ್ರಶ್ನೆ (ತುಮಕೂರಿನಿಂದ)

ಕ್ರಿಸ್‌ಮಸ್ ರಜೆಗೆ ನಾವು ಐದು ಮಂದಿ ಮಡಿಕೇರಿಗೆ ಹೊರಟಿದ್ದೇವೆ. ಕೊಡವ ಅಡುಗೆಗೆ ಹೆಸರಾದ ಅಲ್ಲಿನ ಒಂದು ಹೋಟೆಲಿನ ಬಗ್ಗೆ ಹೋಗಿಬಂದವರೆಲ್ಲ ಹೇಳುತ್ತಿರುವುದರಿಂದ, ಅಲ್ಲಿಯೇ ಪಂದಿ ಕರಿ (ಹಂದಿ ಮಾಂಸದ ಪಲ್ಯ), ಕಡಂಬುಟ್ಟು ತಿನ್ನಬೇಕೆಂದು ನಮ್ಮ ಯಜಮಾನರು ಪಟ್ಟು ಹಿಡಿದಿದ್ದಾರೆ. ಅತ್ತೆಯವರು ಮಾಂಸ ಬಿಟ್ಟು ಬಹಳ ವರ್ಷಗಳಾಗಿವೆ. ಪಕ್ಕದಲ್ಲಿ ಕುಳಿತವರು ತಿಂದರೆ ಅವರ ಆಕ್ಷೇಪವಿಲ್ಲ, ಆದರೆ ಒಂದೇ ಕಾವಲಿ, ಒಂದೇ ಸೌಟು ಎಂದು ಗೊತ್ತಾದರೆ ತಟ್ಟೆ ಮುಟ್ಟುವುದಿಲ್ಲ. ಮಕ್ಕಳಲ್ಲಿ ಚಿಕ್ಕವನಿಗೆ ಖಾರವೇ ಆಗದು. ರೆಸಾರ್ಟಿನಲ್ಲಿ ಬಫೆ ಇದೆಯಾದರೂ, ಎಲ್ಲ ಊರುಗಳಲ್ಲೂ ಸಿಗುವ ಪನೀರನ್ನು ಕೊಡಗಿಗೆ ಹೋಗಿ ತಿನ್ನುವುದೇಕೆ ಎನಿಸುತ್ತದೆ. ಈ ಮೂವರಿಗೂ ಒಂದೇ ಮೇಜಿನಲ್ಲಿ ಹೊಟ್ಟೆ ತುಂಬುವ ದಾರಿ ಇದೆಯೇ?

ಉತ್ತರ 1 (ಮಡಿಕೇರಿಯಿಂದ)

ಇದೆ, ಆದರೆ ಯಾವ ಹೋಟೆಲ್ ಎಂಬುದಕ್ಕಿಂತ ಯಾವ ಹೊತ್ತಿಗೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಡಿಸೆಂಬರ್ ಕೊನೆಯ ವಾರ ಇಲ್ಲಿಗೆ ಬಂದ ಪ್ರವಾಸಿಗರಲ್ಲಿ ಬಹುಪಾಲು ಜನ ಸಂಜೆ ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಸಂಗೀತ ಕಾರಂಜಿ ಮುಗಿಯುವವರೆಗೆ ನಿಂತು, ಆಮೇಲೆ ಎಲ್ಲರೂ ಒಟ್ಟಿಗೆ ಪೇಟೆಗೆ ಇಳಿಯುತ್ತಾರೆ. ಆ ಹೊತ್ತಿನಲ್ಲಿ ಹೆಸರಿರುವ ಯಾವ ಹೋಟೆಲಿಗೆ ಹೋದರೂ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಯಬೇಕಾಗುತ್ತದೆ, ಹೊರಗೆ ಕಾರು ನಿಲ್ಲಿಸಲು ಜಾಗವೂ ಇರುವುದಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೇ ಹೋಗಿ ಕುಳಿತರೆ ಅದೇ ಅಡುಗೆಯನ್ನು ನೆಮ್ಮದಿಯಾಗಿ ಉಣ್ಣಬಹುದು.

ಇನ್ನು ತಿಂಡಿಗಳ ವಿಷಯ. ಕೊಡವ ಊಟವೆಂದರೆ ಪಂದಿ ಕರಿ ಎಂದು ಹೊರಗಿನವರು ತಿಳಿದಿದ್ದಾರೆ, ಆದರೆ ಊಟದ ಅರ್ಧ ಭಾಗ ಅಕ್ಕಿಯದೇ. ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಡುವ ಕಡಂಬುಟ್ಟು, ಒರಳಿನಲ್ಲಿ ಒತ್ತಿದ ಎಳೆಗಳ ನೂಲ್‌ಪುಟ್ಟು, ಅನ್ನವನ್ನೂ ಅಕ್ಕಿಹಿಟ್ಟನ್ನೂ ನಾದಿ ತಟ್ಟುವ ಅಕ್ಕಿ ಒಟ್ಟಿ, ತರಿಗೆ ಹಾಲು ಮತ್ತು ತೆಂಗಿನ ತುರಿ ಬೆರೆಸಿ ತಟ್ಟೆಯಲ್ಲಿ ಬೇಯಿಸುವ ಪಾಪುಟ್ಟು, ಇವು ಯಾವುದಕ್ಕೂ ಖಾರವಾಗಲಿ ಈರುಳ್ಳಿಯಾಗಲಿ ಸೇರುವುದಿಲ್ಲ. ನಿಮ್ಮ ಚಿಕ್ಕವನಿಗೆ ಪಾಪುಟ್ಟು ಕೊಡಿಸಿ, ಬೇಕಾದರೆ ಮೇಲೆ ಜೇನುತುಪ್ಪ ಹಾಕಿ. ಯಜಮಾನರಿಗೆ ಒಂದು ಮಾತು: ಪಂದಿ ಕರಿಯ ಕಪ್ಪು ಬಣ್ಣ ಹುರಿದ ಮಸಾಲೆಯದು ಮತ್ತು ಕಾಚಂಪುಳಿಯದು. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಪಾಕದಂತೆ ಗಟ್ಟಿ ಮಾಡಿದ ಆ ಹುಳಿಯ ಬದಲು ಹುಣಸೆಹಣ್ಣು ಹಾಕಿದರೆ ಒಂದು ತುತ್ತಿನಲ್ಲೇ ಗೊತ್ತಾಗುತ್ತದೆ. ಕರಿ ಮೊದಲೇ ಆಗಿರುತ್ತದೆ, ಹಳತಾದಷ್ಟೂ ರುಚಿ. ತಡವಾಗುವುದು ಆಗಿಂದಾಗ ತಟ್ಟಿ ಸುಡಬೇಕಾದ ಒಟ್ಟಿಯಿಂದ. ಆದ್ದರಿಂದ ಕುಳಿತ ಕೂಡಲೇ ಒಟ್ಟಿಯನ್ನು ಹೇಳಿಬಿಡಿ.

ಉತ್ತರ 2 (ಮೈಸೂರಿನಿಂದ)

ಮೇಲಿನವರ ಮಾತು ಸರಿಯಾದರೂ ಮುಖ್ಯ ಪ್ರಶ್ನೆಗೆ ಉತ್ತರ ಬಂದಿಲ್ಲ. ಪುಟ್ಟು ಸಸ್ಯಾಹಾರವೇ ಇರಬಹುದು, ಆದರೆ ಅದಕ್ಕೆ ನೆಂಚಿಕೊಳ್ಳಲು ಬರುವ ಸಾರು ಯಾವ ಸೌಟಿನದು? ಹಂದಿ ಮಾಂಸಕ್ಕೇ ಹೆಸರಾದ ಇಕ್ಕಟ್ಟಾದ ಅಡುಗೆಮನೆಯಲ್ಲಿ ರಜೆಯ ದಿನ ಎಲ್ಲವನ್ನೂ ಬೇರೆ ಬೇರೆ ಇಡುತ್ತಾರೆಂದು ನನಗೆ ನಂಬಿಕೆಯಿಲ್ಲ. ಹಿರಿಯರನ್ನು ಕರೆದೊಯ್ದು ಬರಿಯ ಮೊಸರನ್ನ ಉಣ್ಣಿಸುವುದು ಆತಿಥ್ಯವಲ್ಲ. ಮಧ್ಯಾಹ್ನ ಎಲ್ಲರೂ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಮಾಡಿ, ಯಜಮಾನರು ತಮ್ಮ ಪಂದಿ ಕರಿಯನ್ನು ಪಾರ್ಸೆಲ್ ತಂದು ಕೋಣೆಯಲ್ಲಿ ತಿನ್ನಲಿ. ಕೆಲವು ರೆಸಾರ್ಟುಗಳಲ್ಲಿ ಹೊರಗಿನ ಊಟ ತರಬಾರದೆಂಬ ನಿಯಮವಿರುವುದರಿಂದ ಅದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಉತ್ತರ 3 (ವಿರಾಜಪೇಟೆಯಿಂದ)

ಮೈಸೂರಿನವರ ಅನುಮಾನ ನ್ಯಾಯವಾದದ್ದೇ, ಆದರೆ ಪಾರ್ಸೆಲ್ಲಿನಲ್ಲಿ ತಣಿದ ಕಡಂಬುಟ್ಟು ಗಟ್ಟಿಯಾಗಿಬಿಡುತ್ತದೆ, ಅದನ್ನು ಕೊಡವ ಊಟ ಎನ್ನಲು ನನಗೆ ಮನಸ್ಸು ಬಾರದು. ಒಂದು ಹೊತ್ತಿನ ಊಟವನ್ನು ಹೋಟೆಲಿನ ಬದಲು ಹೋಂಸ್ಟೇ ಮನೆಯಲ್ಲಿ ಇಟ್ಟುಕೊಳ್ಳಿ. ಅಲ್ಲಿ ತಂಗದವರಿಗೂ ಹಿಂದಿನ ದಿನ ತಿಳಿಸಿದರೆ ಅಡುಗೆ ಮಾಡಿಕೊಡುವ ಮನೆಗಳಿವೆ. ಮಾಂಸಕ್ಕೆ ಬಳಸದ ಪಾತ್ರೆಯಲ್ಲಿ ಹಿರಿಯರಿಗೆ ಮಾಡಿಕೊಡಿ ಎಂದು ಮನೆಯಾಕೆಗೆ ನೇರವಾಗಿ ಹೇಳಬಹುದು, ಹೋಟೆಲಿನ ಮಾಣಿಗೆ ಹೇಳಿದರೆ ಅವನು ತಲೆಯಾಡಿಸಿ ಹೋಗುತ್ತಾನೆ ಅಷ್ಟೆ. ಅತ್ತೆಯವರಿಗೆ ಕುಂಬಳಕಾಯಿ ಕರಿ ಮಾಡಿಸಿ, ನೂಲ್‌ಪುಟ್ಟಿನೊಂದಿಗೆ ಚೆನ್ನಾಗಿ ಹೊಂದುತ್ತದೆ. ಬೈಂಬಳೆಯನ್ನು, ಅಂದರೆ ಎಳೆ ಬಿದಿರನ್ನು, ಮಳೆಗಾಲದಲ್ಲಿ ನೀರಿನಲ್ಲಿ ನೆನೆಸಿ ಕಹಿ ತೆಗೆದು ಮಾಡುವುದು. ಡಿಸೆಂಬರಿನಲ್ಲಿ ಸಿಕ್ಕರೆ ಅದು ಉಪ್ಪುನೀರಿನಲ್ಲಿಟ್ಟದ್ದು, ರುಚಿಯಲ್ಲಿ ಒಂದು ಮೆಟ್ಟಿಲು ಕೆಳಗೆ. ಕಾಡಿನ ಕುಮ್ಮು, ಎಂದರೆ ಅಣಬೆಯೂ, ಮಳೆಗಾಲದ್ದೇ. ಈಗ ಅದರ ಹೆಸರಿನಲ್ಲಿ ಸಾಮಾನ್ಯವಾಗಿ ಬರುವುದು ಪೆಟ್ಟಿಗೆಯ ಬಿಳಿ ಅಣಬೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಒಂದು ಹೊತ್ತು ಮನೆಯೂಟ, ಇನ್ನೊಂದು ಹೊತ್ತು ಯಜಮಾನರ ಹೋಟೆಲ್ ಎಂದು ಒಪ್ಪಂದವಾಗಿದೆ. ಹೋಗುವ ದಿನ ಮಾತ್ರ ತೊಡಕು. ಹುಣಸೂರು, ಪಿರಿಯಾಪಟ್ಟಣದ ಮೇಲಿಂದ ಬರುವಾಗ ಊಟದ ಹೊತ್ತು ದಾರಿಯಲ್ಲೇ ಆಗುತ್ತದೆ, ತಿರುವುಗಳಲ್ಲಿ ದೊಡ್ಡವಳಿಗೆ ವಾಂತಿಯಾಗುತ್ತದೆ.

ಉತ್ತರ 1 (ಮಡಿಕೇರಿಯಿಂದ)

ಹಾಗಾದರೆ ಮಡಿಕೇರಿವರೆಗೆ ಹಸಿದುಕೊಂಡು ಬರಬೇಡಿ. ಕುಶಾಲನಗರದಿಂದ ಇಲ್ಲಿಗೆ ಸುಮಾರು 30 ಕಿ.ಮೀ. ಇದ್ದು, ಹತ್ತುವ ತಿರುವುಗಳು ಬಹುತೇಕ ಅಲ್ಲಿಂದ ಮುಂದೆಯೇ. ಮಕ್ಕಳಿಗೆ ಬೈಲಕುಪ್ಪೆಯಲ್ಲಿ ಚಿನ್ನದ ದೇಗುಲ ತೋರಿಸಿ. 1961ರಲ್ಲಿ ನೆಲೆಯಾದ ಟಿಬೆಟನ್ನರ ವಸತಿ ಅದು, ದೇಗುಲದ ಸುತ್ತಲಿನ ಹೋಟೆಲುಗಳಲ್ಲಿ ತರಕಾರಿ ಮೋಮೊ, ತುಕ್ಪಾ (ನೂಡಲ್ಸ್ ಹಾಕಿದ ಸೂಪ್) ಸಿಗುತ್ತವೆ. ಅಲ್ಲಿಯೂ ಅತ್ತೆಯವರಿಗೆ ಪಾತ್ರೆಯ ಅದೇ ಅನುಮಾನ ಬರುವುದಾದರೆ ಕುಶಾಲನಗರದಲ್ಲಿ ಇಡ್ಲಿ ದೋಸೆಯ ಸಸ್ಯಾಹಾರಿ ಹೋಟೆಲುಗಳಿವೆ. ದೊಡ್ಡವಳಿಗೆ ಎರಡು ಇಡ್ಲಿಗಿಂತ ಹೆಚ್ಚು ಬೇಡ. ತಿಂದು ಅರ್ಧ ಗಂಟೆ ಓಡಾಡಿಸಿ, ಆಮೇಲೆ ಗುಡ್ಡ ಹತ್ತಿ.