ಅಕ್ಕನಿಗೆ ಎಂಎಸ್ ಇದೆ, ನನಗೂ ಬರುತ್ತಾ? ಗೊತ್ತಿರುವವರು ಅನುಭವ ಹೇಳಿ

ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳಿಗೆ ಹಾನಿ ಮಾಡುವ ಕಾಯಿಲೆ) ಅಂತ ಈಚೆಗೆ ಗೊತ್ತಾಯಿತು. ಒಂದು ಕಣ್ಣಿಗೆ ಮಾತ್ರ ಕೆಂಪು ಬಣ್ಣ ಮಾಸಲಾಗಿ ಕಾಣುತ್ತಿತ್ತಂತೆ, ಕಣ್ಣು ಹೊರಳಿಸಿದರೆ ನೋವು. ಅಲ್ಲಿಂದ ಶುರು. ನಾನು ಜೀನ್ ಟೆಸ್ಟ್ ಮಾಡಿಸಬೇಕಾ? ಮುಂದೆ ಮಕ್ಕಳಾದರೆ ಅವರಿಗೂ ಭಯ ಇದೆಯಾ?

ಉತ್ತರ 1
ನಾವಿಬ್ಬರು ತದ್ರೂಪಿ ಅವಳಿಗಳು. ತಂಗಿಗೆ ಎಂಎಸ್ ಬಂದು ವರ್ಷಗಳೇ ಆದವು, ನನಗೆ ಇವತ್ತಿಗೂ ಇಲ್ಲ. ಜೀನ್ ಇಬ್ಬರದ್ದೂ ಒಂದೇ ಅಲ್ವಾ? ನಮ್ಮಂಥ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸುಮಾರು ಶೇ. 25. ಬರೀ ಒಡಹುಟ್ಟಿದವರಾದರೆ ಶೇ. 2ರಿಂದ 4. ಹೊರಗಿನವರಿಗಿಂತ ಜಾಸ್ತಿಯೇ, ಸುಳ್ಳು ಹೇಳಲ್ಲ. ಆದರೆ ನಿಮಗೆ ಬರದೇ ಇರುವ ಸಾಧ್ಯತೆಯೇ ತುಂಬಾ ಹೆಚ್ಚು.

ಉತ್ತರ 2
ನಾನು ಟೆಸ್ಟ್ ಮಾಡಿಸಿದವನು. ಎಚ್‌ಎಲ್‌ಎ-ಡಿಆರ್‌ಬಿ1*15:01 ಅನ್ನುವ ಜೀನ್ ರೂಪ ಇದೆ ಅಂತ ಬಂತು. ಎರಡು ರಾತ್ರಿ ನಿದ್ದೆ ಇಲ್ಲ. ನ್ಯೂರಾಲಜಿಸ್ಟ್ ರಿಪೋರ್ಟ್ ಓದಿ, ಮಡಚಿ ವಾಪಸ್ ಕೊಟ್ಟರು. ‘ಇದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗಲ್ಲ’ ಅಂದರು.

ಅವರು ಹೇಳಿದ್ದು ಇಷ್ಟು. 6ನೇ ಕ್ರೋಮೋಸೋಮ್ ಮೇಲಿರುವ ಇದು ಎಂಎಸ್‌ಗೆ ಸಂಬಂಧಪಟ್ಟವುಗಳಲ್ಲೇ ಜೋರಾದದ್ದು, ಅಪಾಯವನ್ನು ಸುಮಾರು ಮೂರು ಪಟ್ಟು ಮಾಡುತ್ತದೆ. ಆದರೂ ಇದು ಇರುವ ಬಹುಪಾಲು ಜನಕ್ಕೆ ಕಾಯಿಲೆ ಬರುವುದೇ ಇಲ್ಲ. ಇಲ್ಲದವರಿಗೂ ಬರುತ್ತದೆ. 2019ರ ಒಂದು ದೊಡ್ಡ ಅಧ್ಯಯನ 47,000ಕ್ಕೂ ಹೆಚ್ಚು ರೋಗಿಗಳ ಜೀನ್ ನೋಡಿ ಇಂಥ 233 ಗುರುತುಗಳನ್ನು ಹುಡುಕಿತು. ಹೆಚ್ಚಿನವು ರೋಗನಿರೋಧಕ ಜೀವಕೋಶಗಳ ಕೆಲಸಕ್ಕೆ ಸೇರಿದವು, ಒಂದೊಂದರ ಪಾಲೂ ಚಿಟಿಕೆಯಷ್ಟು. ಟೆಸ್ಟಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಉತ್ತರ 3
ನಮ್ಮ ಅಮ್ಮನಿಗೆ ಇತ್ತು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಸುಮಾರು ಶೇ. 2. ನಿಮ್ಮ ಮಕ್ಕಳಿಗೆ ಅದು ದೊಡ್ಡಮ್ಮನ ಕಾಯಿಲೆ, ಇನ್ನೂ ಕಡಿಮೆ. ಅದಕ್ಕಾಗಿ ಮಕ್ಕಳು ಬೇಡ ಅಂದುಕೊಳ್ಳಬೇಡಿ.

ಜೀನ್ ಒಂದರಿಂದಲೇ ಇದು ಬರಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಅಪಾಯ 32 ಪಟ್ಟು ಏರಿದ್ದನ್ನು ಅಮೆರಿಕದ ಸೈನಿಕರ ಮೇಲಿನ 2022ರ ಅಧ್ಯಯನ ತೋರಿಸಿತು. ಆದರೆ ಆ ವೈರಸ್ ದೊಡ್ಡವರಲ್ಲಿ ಹೆಚ್ಚುಕಮ್ಮಿ ಎಲ್ಲರ ಮೈಯಲ್ಲೂ ಇದೆ, ಏನು ಮಾಡುತ್ತೀರಿ? ನಮ್ಮ ಕೈಯಲ್ಲಿರುವುದು ಸಿಗರೇಟು. ಮೇಲಿನವರು ಹೇಳಿದ ಜೀನ್ ಇದ್ದು ಸಿಗರೇಟೂ ಸೇದಿದರೆ ಎರಡೂ ಸೇರಿ ಅಪಾಯ ಏರಿಸುತ್ತವೆ. ನಮ್ಮಣ್ಣ ಅಮ್ಮನ ಕಾಯಿಲೆ ನೋಡಿಯೇ ಬಿಟ್ಟ.

ಇನ್ನೊಂದು. ಕಣ್ಣು ಮಂಜಾದರೆ, ಕೈಕಾಲು ಜೋಮು ದಿನಗಟ್ಟಲೆ ಬಿಡದಿದ್ದರೆ ಕಾಯಬೇಡಿ. ಡಾಕ್ಟರಿಗೆ ಮೊದಲ ಮಾತಲ್ಲೇ ‘ಅಕ್ಕನಿಗೆ ಎಂಎಸ್ ಇದೆ’ ಅಂತ ಹೇಳಿ.