ಸೆಟ್ ಇಲ್ಲದೆ ‘ಎ ಡಾಲ್ಸ್ ಹೌಸ್’ ಆಡಬಹುದಾ?

ಪ್ರಶ್ನೆ: ನಾರ್ವೆಯ ನಾಟಕಕಾರ ಇಬ್ಸೆನ್‌ನ ಈ ನಾಟಕವನ್ನು ನಮ್ಮ ಹವ್ಯಾಸಿ ತಂಡ ಆಡಬೇಕೆಂದಿದೆ. ಸೆಟ್‌ಗೆ ದುಡ್ಡಿಲ್ಲ. 2023ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ನಿರ್ದೇಶಕ ಜೇಮಿ ಲಾಯ್ಡ್ ಬರೀ ಕುರ್ಚಿಗಳಲ್ಲೇ ಮಾಡಿಸಿದರಂತೆ. ಹಾಗಾದರೆ ಕೊನೆಗೆ ನಾಯಕಿ ನೋರಾ ಗಂಡ, ಮಕ್ಕಳನ್ನು ತೊರೆದು ಮನೆ ಬಿಡೋದನ್ನು ತೋರಿಸೋದು ಹೇಗೆ?

ಉತ್ತರ 1: ಆ ಪ್ರಯೋಗವನ್ನು ಅಲ್ಲಿನ ಹಡ್ಸನ್ ಥಿಯೇಟರ್‌ನಲ್ಲಿ ನೋಡಿದೆ. ನಾಟಕ ಶುರುವಾಗೋ ಮುಂಚೆಯೇ ನೋರಾ ಪಾತ್ರದ ಜೆಸಿಕಾ ಚಾಸ್ಟೇನ್ ಕುರ್ಚಿಯಲ್ಲಿ ಕೂತು ರಂಗದ ಸುತ್ತ ನಿಧಾನವಾಗಿ ತಿರುಗುತ್ತಿದ್ದರು. ಮಕ್ಕಳು ಕಾಣಲ್ಲ, ದನಿ ಮಾತ್ರ. ಕೊನೆಗೆ ಥಿಯೇಟರ್‌ನ ಹಿಂಬಾಗಿಲೇ ತೆರೆದುಕೊಂಡಿತು. ನೋರಾ ನಿಜವಾದ ಬೀದಿಗೇ ನಡೆದುಬಿಟ್ಟಳು! ಮೈ ಜುಂ ಅಂತು. ನಿಮ್ಮ ಸಭಾಂಗಣಕ್ಕೂ ಹಿಂಬಾಗಿಲು ಇದೆ ಅಲ್ವಾ?

ಉತ್ತರ 2: ಸೆಟ್ ಬಿಡಿ, ಕೊನೆ ಮಾತ್ರ ಬದಲಿಸಬೇಡಿ. 1880ರಲ್ಲಿ ಜರ್ಮನಿಯ ರಂಗಭೂಮಿಗಾಗಿ ಇಬ್ಸೆನ್ ಮನಸ್ಸಿಲ್ಲದ ಮನಸ್ಸಿನಿಂದ ಬೇರೆ ಮುಕ್ತಾಯ ಬರೆದುಕೊಟ್ಟಿದ್ದ. ಅದರಲ್ಲಿ ನೋರಾ ಮಕ್ಕಳಿಗಾಗಿ ಉಳಿದುಬಿಡುತ್ತಾಳೆ. ಹಾಗೆ ಮಾಡಿದರೆ ಅಲ್ಲಿವರೆಗೆ ಗಂಡ ಹೆಂಡತಿ ಎದುರುಬದುರು ಕೂತು ಆಡಿದ ಮಾತೆಲ್ಲ ನೀರುಪಾಲು.